ಸೈಡ್‌ವಿಂಗಿನ ಬ್ಯಾಬೀನ್

ಇನ್ವರ್‌ಡುವ್ ಊರಿನ ನಾಟಕ ಮಂಡಳಿ ಎಂದರೆ ಐರಿಷ್ ಭಾಷೆಯಾಡುವ ಕಾನಮಾರಾ ಕರಾವಳಿಯಲ್ಲೆಲ್ಲ ಫೆಸ್ಟಿ ಮೇಷ್ಟ್ರ ಹೆಸರು ಹೇಳುತ್ತಾರೆ. ಬ್ಯಾಬೀನಳ ಹೆಸರನ್ನು ಯಾರೂ ಹೇಳುವುದಿಲ್ಲ. ಅವಳು ಯಾರ ಕಣ್ಣಿಗಾದರೂ ಬಿದ್ದಿದ್ದರೆ ತಾನೆ! ಮೂವತ್ತೆಂಟು ವರ್ಷ ರಂಗದ ಪಕ್ಕದ ಮರೆಯಲ್ಲಿ, ಸೈಡ್‌ವಿಂಗಿನಲ್ಲಿ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತು, ಮಾತು ಮರೆತವರಿಗೆ ಮೆಲ್ಲಗೆ ಮಾತು ಎತ್ತಿಕೊಟ್ಟ ಪ್ರಾಂಪ್ಟರ್ ಅವಳು. ಕರಪತ್ರದಲ್ಲಿ ಪರದೆ ಎಳೆಯುವವನ ಹೆಸರಿರುತ್ತಿತ್ತು, ಚಹಾ ಕಾಸಿದವರ ಹೆಸರಿರುತ್ತಿತ್ತು. ಒಂದು ವರ್ಷವಂತೂ ಎರಡು ಕುರ್ಚಿ ಎರವಲು ಕೊಟ್ಟ ಹೆಂಡದಂಗಡಿಯ ಹೆಸರು ದಪ್ಪ ಅಕ್ಷರದಲ್ಲಿ ಬಂದಿತ್ತು.

ಅವಳ ಗಂಡ ಕೋಲೀನ್ ಮೀನುಗಾರ, ಮಂಡಳಿಯ ನಟ. ಬರೆದದ್ದನ್ನು ಬರೆದ ಹಾಗೇ ಹೇಳಿದರೆ ನಾಲಿಗೆಗೆ ಅವಮಾನ ಎಂದು ನಂಬಿದ ಮನುಷ್ಯ. ಪುಸ್ತಕದಲ್ಲಿ "ಒಡೆಯರೇ, ಕರುಣೆ ತೋರಿ" ಎಂದಿದ್ದರೆ ಇವನು, "ಒಡೆಯರೇ, ಕರುಣೆ ನಿಮ್ಮ ಹತ್ರ ಇಲ್ಲ, ಗೊತ್ತು. ನಿಮ್ಮ ಕುದುರೆ ಹತ್ರ ಇರಬಹುದು, ಒಂದು ಮಾತು ಕೇಳಿ ನೋಡಿ" ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಒಡೆಯನ ಪಾತ್ರದಲ್ಲಿದ್ದ ಮೇಷ್ಟ್ರ ಮುಖ ಹುಳ್ಳಗಾಗುತ್ತಿತ್ತು. ಮರುದಿನ ಕೋಲೀನ್, "ನಿನ್ನೆ ಏನೋ ಹೇಳಿದ್ನಲ್ಲೇ, ಏನದು?" ಎಂದು ಹೆಂಡತಿಯನ್ನೇ ಕೇಳುತ್ತಿದ್ದ. ಅದಕ್ಕೇ ಅವಳು ಅವನಾಡಿದ್ದನ್ನೆಲ್ಲ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡತೊಡಗಿದಳು. ಅವನು ಹೋಗಿ ಒಂಬತ್ತು ವರ್ಷವಾಯಿತು. ಅವನ ದನಿ ಯಾವ ಟೇಪಿನಲ್ಲೂ ಇಲ್ಲ. ಉಳಿದಿದ್ದದ್ದು ಹನ್ನೆರಡು ಪುಸ್ತಕಗಳ ಅಂಚಿನಲ್ಲಿದ್ದ ಆ ಮಾತುಗಳಷ್ಟೇ.

ಹೀಗಿರುವಾಗ ಪಟ್ಟಣದ ದಾಖಲೆಭಂಡಾರದಿಂದ ಕಾಗದ ಬಂತು. ಐರಿಷ್ ಭಾಷೆಯ ನಾಟಕಗಳಿಗೆ ಸೇರಿದ ಹಳೆಯ ಪುಸ್ತಕ, ಚಿತ್ರ, ಚೀಟಿ ಏನಿದ್ದರೂ ಕಾಪಿಡುತ್ತೇವೆ, ಬಂದು ನೋಡುತ್ತೇವೆ ಎಂದು ಬರೆದಿದ್ದರು. ಪಟ್ಟಣದವರಿಗೆ ಐರಿಷ್ ಭಾಷೆಯೆಂದರೆ ಪ್ರಾಣ. ಆಡುವ ಕಷ್ಟವನ್ನು ಮಾತ್ರ ನಮ್ಮಂಥ ಹಳ್ಳಿಯವರಿಗೆ ಬಿಟ್ಟುಕೊಟ್ಟಿದ್ದಾರೆ.

ನಮ್ಮ ಕಡೆ ಸರದಿಯ ಮೇಲೆ ಮನೆಮನೆಯಲ್ಲಿ ಪಾದ್ರಿಗಳು ಪೂಜೆ ನಡೆಸುತ್ತಾರೆ. ಸರದಿ ಬಂದ ಮನೆಯವರು ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ಬಣ್ಣ ಹಚ್ಚಿ, ಪಾದ್ರಿಗಳು ಕನಸಿನಲ್ಲೂ ಕಾಲಿಡದ ಕತ್ತೆಯ ಕೊಟ್ಟಿಗೆಯನ್ನೂ ತೊಳೆದಿಡುತ್ತಾರೆ. ಅವರಿದ್ದು ಹೋಗುವುದು ಒಂದು ಗಂಟೆ. ಹೋಗುವಾಗ ಕೋಟಿಗೆ ಹಸಿ ಬಣ್ಣ ಮೆತ್ತಿಕೊಂಡೇ ಹೋಗುತ್ತಾರೆ. ಮಂಡಳಿಯ ಅಧ್ಯಕ್ಷರಾದ ಫೆಸ್ಟಿ ಮೇಷ್ಟ್ರಿಗೆ ದಾಖಲೆಭಂಡಾರವೂ ಪಾದ್ರಿಯೂ ಒಂದೇ. ನಾಟಕವಾಡುವ ಹಾಲ್‌ಗೆ ಸುಣ್ಣ ಬಳಿಸಿದರು, ಹಳೆಯ ವೇಷಗಳನ್ನು ಒಗೆಸಿದರು. ಕೊನೆಗೆ ಒಂದು ಹೊಸ ರಬ್ಬರು ಹಿಡಿದು ಬ್ಯಾಬೀನಳ ಅಡುಗೆಮನೆಗೆ ಬಂದರು.

"ಪೆನ್ಸಿಲ್ ಗೀಚೆಲ್ಲ ಅಳಿಸಿಬಿಡು ಬ್ಯಾಬೀನ್. ದೊಡ್ಡೋರ ಮುಂದೆ ಇಂಥ ಕೊಳಕು ಪುಸ್ತಕ ಇಡಕ್ಕಾಗುತ್ತಾ?"

"ಅದು ಕೋಲೀನ್ ಆಡಿದ್ದು, ಮೇಷ್ಟ್ರೇ."

"ಆಡಿದ್ದಾಯ್ತು, ಮುಗೀತಲ್ಲ. ನಾಟಕ ಬರೆದೋನಿಗೆ ಮರ್ಯಾದೆ ಬೇಡ್ವಾ? ನಿನ್ನ ಗಂಡನ ತಲೆಹರಟೆ ಪಟ್ಟಣದ ಕಪಾಟಲ್ಲಿ ಕೂತು ಊರಿನ ಮಾನ ಕಳೀಬೇಕಾ?"

ಮೇಷ್ಟ್ರಿಗೆ ಎದುರಾಡಿ ಯಾರಿಗೂ ಅಭ್ಯಾಸವಿಲ್ಲದ ಊರು ಅದು. ಬ್ಯಾಬೀನ್ ಮೂರು ದಿನ ಕೂತು ಅಳಿಸಿದಳು. ಒಂದೊಂದು ಮಾತನ್ನೂ ಬಾಯಲ್ಲಿ ಹೇಳಿಕೊಂಡು, ಆಮೇಲೆ ಉಜ್ಜಿದಳು. ಗಂಡನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತು ಅವಳಿಗೆ. ಮೊದಲ ಸಲ ಊರೆಲ್ಲ ಜೊತೆಗಿತ್ತು, ಈ ಸಲ ಅವಳೊಬ್ಬಳೇ ಇದ್ದಳು.

ದಾಖಲೆಭಂಡಾರದಿಂದ ಬಂದವಳು ಲೀಡನ್ ಎಂಬ ಹುಡುಗಿ. ಮೇಷ್ಟ್ರು ಊರವರನ್ನೆಲ್ಲ ಹಾಲಿನಲ್ಲಿ ಸೇರಿಸಿ, ತಮ್ಮ ಮೂರು ಬೆಳ್ಳಿ ಬಟ್ಟಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಮೂರೂ ನಾಟಕ ಸ್ಪರ್ಧೆಗಳಲ್ಲಿ ಅವರು ರಂಗದ ಮೇಲೆ ತೋರಿದ 'ಅರ್ಥಗರ್ಭಿತ ಮೌನ'ಕ್ಕೆ ಬಂದ ಬಹುಮಾನ. ಹುಡುಗಿ ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿ ಪುಸ್ತಕ ತೆರೆದಳು. ಇನ್ನೊಂದು ತೆರೆದಳು. ಮುಖ ಸಪ್ಪಗಾಯಿತು.

"ಪ್ರಾಂಪ್ಟರ್ ಬರೆದಿದ್ದೆಲ್ಲ ಎಲ್ಲಿ? ಅಚ್ಚಾಗಿರೋ ನಾಟಕ ನಮ್ಮಲ್ಲೇ ಆರು ಪ್ರತಿ ಇದೆ. ನಾನು ಬಂದಿದ್ದೇ ಅಂಚಿನಲ್ಲಿರೋ ಬರಹಕ್ಕೆ!"

"ನಿಮಗೋಸ್ಕರಾನೇ ಚೊಕ್ಕ ಮಾಡಿಸಿದೀವಮ್ಮ" ಎಂದರು ಮೇಷ್ಟ್ರು ಹೆಮ್ಮೆಯಿಂದ.

ಬ್ಯಾಬೀನ್ ಪುಟದ ಬರಿದಾದ ಅಂಚನ್ನು ನೋಡಿದಳು. ಅಳಿಸದೆ ಇದ್ದಿದ್ದರೆ ಅವನು ಉಳಿಯುತ್ತಿದ್ದ. ತನ್ನ ಕೈಯನ್ನೇ ಕತ್ತರಿಸಿ ಹಾಕಬೇಕೆನ್ನಿಸಿತು ಅವಳಿಗೆ.

ಲೀಡನ್ ಪುಟದ ಅಂಚಿನ ಮೇಲೆ ಬೆರಳಾಡಿಸಿ ತಲೆಯೆತ್ತಿದಳು. "ಅಮ್ಮಾ, ಒತ್ತಿ ಒತ್ತಿ ಬರೀತಿದ್ರಾ?"

"ಕತ್ತಲಲ್ಲಿ ಬರೀಬೇಕಲ್ಲ ತಾಯಿ. ಪೆನ್ಸಿಲ್ ಹತ್ತಿತೋ ಇಲ್ವೋ ಕಾಣ್ತಿರಲಿಲ್ಲ."

ಹುಡುಗಿ ಕಿಟಕಿಯ ಪರದೆ ಎಳೆಸಿದಳು. ಪುಟದ ಪಕ್ಕದಲ್ಲೇ ಟಾರ್ಚನ್ನು ಅಡ್ಡಡ್ಡ ಮಲಗಿಸಿ ಹೊತ್ತಿಸಿದಳು. ರಬ್ಬರು ಸೀಸವನ್ನು ಒಯ್ದಿತ್ತು, ಕಾಗದದಲ್ಲಿ ಬಿದ್ದ ಗೀರನ್ನು ಒಯ್ದಿರಲಿಲ್ಲ. ಓರೆ ಬೆಳಕಿಗೆ ಅಕ್ಷರಗಳು ನೆರಳಾಗಿ ಎದ್ದವು. ಲೀಡನ್ ಗಟ್ಟಿಯಾಗಿ ಓದಿದಳು: "ಮೇಷ್ಟ್ರು ಮರೆತರು." ಪುಟ ತಿರುವಿದಳು. "ಮೇಷ್ಟ್ರು ಮರೆತರು. ಎರಡು ಸಲ ಹೇಳಿಕೊಟ್ಟೆ, ಕೇಳಿಸಲಿಲ್ಲ. ತೀರ್ಪುಗಾರರು ಕಣ್ಣೊರೆಸಿಕೊಂಡರು."

ಹಾಲಿನಲ್ಲಿದ್ದವರು ಬೆಳ್ಳಿ ಬಟ್ಟಲುಗಳ ಕಡೆ ನೋಡಿದರು.

"ಟಾರ್ಚ್ ಆರಿಸಮ್ಮ, ಹಳೇ ಕಾಗದಕ್ಕೆ ಬೆಳಕು ಒಳ್ಳೇದಲ್ಲ" ಎಂದರು ಮೇಷ್ಟ್ರು. ದಾಖಲೆ ಕಾಪಾಡುವುದರ ಬಗ್ಗೆ ಅವರಿಗೆ ಅಷ್ಟು ಕಾಳಜಿ ಹುಟ್ಟಿದ್ದು ಅದೇ ಮೊದಲು.

ಲೀಡನ್ ಆರಿಸಲಿಲ್ಲ. ಕೋಲೀನನ ಕುದುರೆಯ ಮಾತು ಬಂತು, ಹಾಲಿನಲ್ಲಿದ್ದವರೆಲ್ಲ ನಕ್ಕರು. ಬ್ಯಾಬೀನ್ ನಕ್ಕಳು, ಅತ್ತಳು, ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಹನ್ನೆರಡನೆಯ ಪುಸ್ತಕ ಕೋಲೀನ್ ಆಡಿದ ಕೊನೆಯ ನಾಟಕದ್ದು. ಅದರಲ್ಲಿ ಅವನದು ಹಡಗು ಹತ್ತಿ ದೇಶ ಬಿಟ್ಟು ಹೋಗುವ ಗಂಡನ ಪಾತ್ರ. "ದೇವರು ನಿನ್ನನ್ನು ಕಾಯಲಿ, ಮನೆಯೊಡತಿ" ಎಂದು ಅಚ್ಚಾಗಿತ್ತು. ಅಂಚಿನ ನೆರಳಿನಲ್ಲಿ ಇದ್ದದ್ದು ಬೇರೆ. "ಚಹಾ ಆರದ ಹಾಗೆ ಇಟ್ಟಿರು, ಬಂದ್ಬಿಡ್ತೀನಿ." ಕೆಳಗೆ ಇನ್ನೂ ಆಳವಾಗಿ ಒತ್ತಿದ ಎರಡು ಸಾಲು: "ಮೆಲ್ಲಗೆ ಹೇಳಿದ. ನನ್ನ ಕಡೆ ತಿರುಗಿ."

ಲೀಡನ್ ಅದನ್ನು ಗಟ್ಟಿಯಾಗಿ ಓದಲಿಲ್ಲ. ಬ್ಯಾಬೀನಳ ಹತ್ತಿರ ಬಗ್ಗಿ ಕೇಳಿದಳು: "ಅಮ್ಮಾ, ಇದು ನಿಮ್ಮಿಬ್ಬರದ್ದು. ಬೇಡ ಅಂದ್ರೆ ಈ ಪುಟ ಬಿಟ್ಟುಬಿಡ್ತೀನಿ."

ಬ್ಯಾಬೀನ್ ಏಪ್ರನ್ನಿನ ತುದಿಯಿಂದ ಮೂಗೊರೆಸಿಕೊಂಡಳು.

"ಅವತ್ತು ಹಾಲ್ ತುಂಬ ಜನ ಇದ್ರು ಮಗಳೇ, ಕೇಳಿಸಿದ್ದು ನನಗೊಬ್ಬಳಿಗೇ. ನಾನೂ ಹೋದ್ಮೇಲೆ ಅದನ್ನ ಕೇಳಿದೋರು ಯಾರೂ ಇರಲ್ಲ. ಬರ್ಕೋ."