ಕೆಳಗಿನ ಹೊಲಕ್ಕೆ ಇಳಿದ ಮಣ್ಣು

ಕಟ್ಟೆಮಳಲವಾಡಿಯ ತಂಗಿಯ ಮನೆಗೆ ಬಂದ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದೆ. ಹಿಂದಿನ ಸಂಜೆಯ ಮಳೆಗೆ ಬದು ಒಡೆದು, ಅವಳ ಹೊಲದ ಮೇಲ್ಮಣ್ಣು ಕೆಳಗಿನ ಕೆಂಪಮ್ಮನವರ ಹೊಲಕ್ಕೆ ಇಳಿದಿದೆ ಎಂಬ ಸುದ್ದಿ ಬಂತು. ಗೊಬ್ಬರ ಹಾಕಿ ಬಿತ್ತನೆಗೆ ಹದ ಮಾಡಿದ್ದ ಮಣ್ಣದು. ಅದು ಹೋದರೆ ಈ ಸಲದ ಬೆಳೆಯೂ ಹೋದಂತೆ. ಮೊರ ಇಟ್ಟು ತಂಗಿಯ ಹಿಂದೆಯೇ ಓಡಿದೆ.

ಕೆಂಪಮ್ಮ ಆಗಲೇ ಗುದ್ದಲಿ ಹಿಡಿದು ನಿಂತಿದ್ದರು. ಉತ್ತರೆ ಎರಡೂ ಹೊಲದ ಮಣ್ಣು ಬೆರೆತುಹೋಗುತ್ತದೆಂದು, ಉಳಲು ಬಂದ ಟ್ರ್ಯಾಕ್ಟರನ್ನು ವಾಪಸು ಕಳಿಸಿದ್ದರಂತೆ.

"ಯಾಕವ್ವ ಮಕ ಸಣ್ಣ ಮಾಡ್ಕಂಡಿದ್ದೀಯ? ನಿನ್ ಮಣ್ಣು ಎಲ್ಲೂ ಓಗಿಲ್ಲ, ಇಲ್ಲೇ ಅದೆ. ಮಂಕ್ರಿ ತಗಂಬಾ."

"ನಿಮ್ ಬಿತ್ನೆ ತಡ ಆಯ್ತದಲ್ಲ ದೊಡ್ಡವ್ವ," ಎಂದಳು ತಂಗಿ.

"ಆಗ್ಲಿ ಬುಡು. ಕದ್ದ ಮಣ್ಣಲ್ಲಿ ಬೆಳ್ದ ರಾಗಿ ಗಂಟ್ಲಲ್ಲಿ ಇಳ್ದದಾ?" ಎಂದು ನನ್ನ ಕಡೆ ತಿರುಗಿದರು. "ಮೈಸೂರ್ನೋರು ನೀವೂ ಒಂದ್ ಮಂಕ್ರಿ ಎತ್ತಿ. ಸೀರೆ ಕೆಂಪಾದ್ರೆ ನಾನೇ ಒಗ್ದು ಕೊಡ್ತೀನಿ ಕಣ್ರೀ."

ಮೊದಲು ಬದು ಕಟ್ಟಿದೆವು, ಆಮೇಲೆ ಬುಟ್ಟಿ ಬುಟ್ಟಿಯಾಗಿ ಮಣ್ಣನ್ನು ತಂಗಿಯ ಹೊಲಕ್ಕೆ ಹೊತ್ತೆವು. ಮಧ್ಯಾಹ್ನವಾದರೂ ಅರ್ಧವೂ ಮುಗಿಯಲಿಲ್ಲ. ದೇವರ ದಯೆ, ಮೋಡ ಮುಚ್ಚಿತ್ತು, ಬಿಸಿಲಿರಲಿಲ್ಲ. ನಾಳೆಯೂ ಬರಬೇಡವೆಂದು ಟ್ರ್ಯಾಕ್ಟರಿನವನಿಗೆ ಕೆಂಪಮ್ಮ ಫೋನ್ ಮಾಡುತ್ತಿದ್ದರು. ನಾನು ಮನೆಗೆ ಬಂದು ಕೈಕಾಲು ತೊಳೆದು, ಅವರಿಗೂ ಸೇರಿಸಿ ಹುರುಳಿಕಾಳು ಬೇಯಲು ಇಟ್ಟೆ.