ಪ್ರಶ್ನೆಪತ್ರಿಕೆ ತಿರುಗಿಸಿದ ಅಪರಾಧ

ಹೊಳೆನರಸೀಪುರದ ನಮ್ಮ ಹೈಸ್ಕೂಲಿನಲ್ಲಿ ಲಂಬಕೋನಕ್ಕೆ ಕಾಯಂ ವಿಳಾಸವಿದೆ: ತ್ರಿಭುಜದ ಎಡಗಡೆ, ಕೆಳಗಿನ ಮೂಲೆ. ಗಣಿತದ ಮೇಷ್ಟ್ರಾದ ನಾನು ಬೋರ್ಡಿನ ಮೇಲೆ ಬರೆಯುವುದು ಹಾಗೆಯೇ. ನನಗೆ ಕಲಿಸಿದವರೂ ಹಾಗೆಯೇ ಬರೆಯುತ್ತಿದ್ದರು. ಹೊಸ್ತಿಲಿಗೆ ಕುಂಕುಮ ಇಟ್ಟಂತೆ ಮಕ್ಕಳು ಆ ಮೂಲೆಗೆ ಪುಟ್ಟ ಚೌಕ ಹಾಕಿಯೇ ಲೆಕ್ಕ ಶುರುಮಾಡುತ್ತಾರೆ. ಇದನ್ನು ನಾವು ಜ್ಞಾನ ಎನ್ನುತ್ತೇವೆ.

ಈ ವರ್ಷದ ಪೂರ್ವಸಿದ್ಧತಾ ಪರೀಕ್ಷೆಗೆ ಹಾಸನದಿಂದ ಬಂದ ಪತ್ರಿಕೆಯಲ್ಲಿ ಅರ್ಧವೃತ್ತದೊಳಗೊಂದು ತ್ರಿಭುಜವಿತ್ತು. ವ್ಯಾಸ ಕೆಳಗೆ, ಲಂಬಕೋನ ಮೇಲೆ, ಚೌಕದ ಗುರುತೇ ಇಲ್ಲ. ಕೇಳಿದ್ದು ಮೂರನೆಯ ಬಾಹುವಿನ ಉದ್ದ. ಮಕ್ಕಳೆಲ್ಲ ಪತ್ರಿಕೆಯನ್ನು ಬಸ್ಸಿನ ಸ್ಟೇರಿಂಗಿನಂತೆ ತಿರುಗಿಸತೊಡಗಿದರಂತೆ. ಅರಕಲಗೂಡಿನಿಂದ ಬಂದಿದ್ದ ಕೊಠಡಿ ಮೇಲ್ವಿಚಾರಕರು ಮುಂದಿನ ಬೆಂಚಿನ ಹುಡುಗಿಯ ಉತ್ತರಪತ್ರಿಕೆ ಕಿತ್ತುಕೊಂಡು ನನ್ನನ್ನು ಕರೆಸಿದರು. ಕಾಪಿ ಎಂದು ಷರಾ ಬರೆದರೆ ಅವಳ ಪತ್ರಿಕೆಯೇ ರದ್ದು. ಡೈರಿಯಲ್ಲಿ ನಾನು ಆ ದಿನ ‘ಗಲಾಟೆ’ ಎಂದಷ್ಟೇ ಬರೆದಿದ್ದೇನೆ. ಮಾತುಗಳನ್ನು ಒದಗಿಸುತ್ತಿರುವುದು ನೆನಪು, ಅದರ ಸಾಚಾತನಕ್ಕೆ ನಾನು ಹೊಣೆಯಲ್ಲ.

“ನೋಡಿ ಸಾರ್, ಇವಳು ತಿರುಗಿಸಿದ್ರೆ ಹಿಂದಿನೋನೂ ತಿರುಗಿಸ್ತಾನೆ. ಸಿಗ್ನಲ್ ಅಲ್ದೆ ಇನ್ನೇನು?”

“ಸಿಗ್ನಲ್ ಅಲ್ಲ ಸಾ,” ಹುಡುಗಿ ಅಳುವುದಕ್ಕೆ ತಯಾರಾಗಿದ್ದಳು. “ತ್ರಿಭುಜ ಮಕಾಡೆ ಬಿದ್ದೈತೆ. ಎತ್ತಿ ನಿಲ್ಲುಸ್ತಿದ್ದೆ.”

“ನಂದೂ ಬಿದ್ದೈತೆ ಸಾ!” ಹಿಂದಿನಿಂದ ಒಂದು ದನಿ.

“ಮುಚ್ಚಲಾ ಬಾಯಿ!” ಮೇಲ್ವಿಚಾರಕರು ಗದರಿದರು.

ಇದು ಕಾಪಿಯಲ್ಲ, ನಾನು ಕಲಿಸಿದ್ದರ ಫಲ ಎಂದು ವಿವರಿಸಿದೆ. ಅದನ್ನು ಅವರು ಕಾಪಿಗಿಂತ ಗಂಭೀರವಾಗಿ ತೆಗೆದುಕೊಂಡಂತೆ ಕಂಡಿತು. ಕೊನೆಗೆ ರಾಜಿಯಾಯಿತು: ಉತ್ತರಪತ್ರಿಕೆ ವಾಪಸ್, ಆದರೆ ಪ್ರಶ್ನೆಪತ್ರಿಕೆ ಅಲುಗಾಡಕೂಡದು. ಅವರೇ ಅದರ ನಾಲ್ಕೂ ಮೂಲೆಯನ್ನು ಸೆಲ್ಲೋಟೇಪಿನಿಂದ ಡೆಸ್ಕಿಗೆ ಅಂಟಿಸಿದರು. ರೇಖಾಗಣಿತಕ್ಕೆ ಅಷ್ಟು ಭದ್ರತೆ ಹಿಂದೆಂದೂ ಸಿಕ್ಕಿರಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕತ್ತು ವಾಲಿಸಿದಳು, ಇನ್ನೂ ವಾಲಿಸಿದಳು, ಜಡೆ ಡೆಸ್ಕಿಗೆ ತಾಗಿತು. ತಲೆ ತಿರುಗಿಸುವುದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲವಾದ್ದರಿಂದ ಮೇಲ್ವಿಚಾರಕರು ಕಿಟಕಿಯಾಚೆ ನೋಡಿದರು.

ಮೌಲ್ಯಮಾಪನದಲ್ಲಿ ಅವಳ ಉತ್ತರ ನನ್ನ ಕೈಗೇ ಬಂತು. ಚೌಕ ಸರಿಯಾದ ಮೂಲೆಯಲ್ಲಿತ್ತು, ಮೇಲೆ. ಮೂರನೆಯ ಬಾಹುವಿನ ಉದ್ದವೂ ಸರಿ. ಅರ್ಧವೃತ್ತದಲ್ಲಿ ಆ ಕೋನ ಯಾಕೆ ಲಂಬವಾಗಿರಲೇಬೇಕು ಎಂಬುದು ಅವಳಿಗೆ ಹೊಳೆಯಿತೋ, ಅಥವಾ ಅಷ್ಟು ಕತ್ತು ವಾಲಿಸಿದ ಮೇಲೆ ಎಡಗಡೆ ಕೆಳಗೆ ಸಿಕ್ಕಿದ ಮೂಲೆಗೆ ಅಭ್ಯಾಸಬಲದಿಂದ ಚೌಕ ಹಾಕಿದಳೋ, ಅದರಲ್ಲಿ ಬರೆದಿರಲಿಲ್ಲ. ಕರೆದು ಕೇಳಬಹುದಿತ್ತು. ಕೇಳಿದರೆ ಅವಳು ಏನು ಹೇಳಬಹುದೆಂದು ಯೋಚಿಸಿ, ಪೂರ್ತಿ ಅಂಕ ಕೊಟ್ಟು ಮುಂದಿನ ಪತ್ರಿಕೆ ಎತ್ತಿಕೊಂಡೆ.