ಬೇಲಿಯಾಚೆಯ ನೆಗ್ರೊಅಮಾರೊ

ಹುಳಿಯೇರುತ್ತಿರುವ ಕಪ್ಪು ದ್ರಾಕ್ಷಿಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದ ನಮ್ಮ ಹಳೆಯ ಮನೆ, ತೊಂಬತ್ತರ ದಶಕದ ಮೊದಲ ವರ್ಷಗಳ ಮಾರ್ಚ್ ತಿಂಗಳು ನೆನಪಾಗುತ್ತದೆ. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಕಳೆದುಹೋದ ಮನೆಗೆ ಹೀಗೆ ಮೂಗಿನ ದಾರಿಯಲ್ಲೇ ಮರಳುವವರು ನಿಮ್ಮಲ್ಲೂ ಇರಬಹುದು. ಪಕ್ಕದ ಮನೆಯ ಸಾಲ್ವತೋರೆ ಇಟಲಿಯ ಪುಲಿಯಾದವನು, ಹೆಂಡತಿ ತೀರಿಕೊಂಡಿದ್ದ ಮುದುಕ. ತನ್ನ ಊರಿನ ದ್ರಾಕ್ಷಿ ತಳಿಗಳನ್ನೇ ಹಿತ್ತಿಲಲ್ಲಿ ಬೆಳೆಸಿ ಗ್ಯಾರೇಜಿನಲ್ಲಿ ವೈನ್ ಮಾಡುತ್ತಿದ್ದ. ಮೊದಲು ಹಣ್ಣಾಗುವುದು ಪ್ರಿಮಿಟಿವೊ, ಬಾಯಿಗೆ ಅಂಟುವಷ್ಟು ಸಿಹಿ. ಆಮೇಲೆ ದಪ್ಪ ಸಿಪ್ಪೆಯ ನೆಗ್ರೊಅಮಾರೊ. ಅದರ ವೈನ್ ಶಾಯಿಯ ಹಾಗೆ ಗಾಢ, ಕೊನೆಯಲ್ಲಿ ಕಹಿಯಂತೆ. ಅಮಾರೊ ಎಂದರೆ ಅವರಲ್ಲಿ ಕಹಿ. ಮೈಸೂರಿನಿಂದ ಬಂದ ನಮ್ಮಜ್ಜಿ ಅದನ್ನು ‘ಅಮರ’ ಎಂದು ಕೇಳಿಸಿಕೊಂಡಳು, ಅವನನ್ನು ಸಾಲ್ವಪ್ಪ ಎಂದು ಕರೆದಳು.

ಅಜ್ಜಿಗೆ ಇಂಗ್ಲಿಷ್ ಬಾರದು, ಅವನದೂ ಅಷ್ಟಕ್ಕಷ್ಟೇ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದವಳಿಗೆ ಮಾತಾಡಲು ಇದ್ದದ್ದು ಎರಡು ಹಿತ್ತಿಲುಗಳ ನಡುವಿನ ಬೇಲಿಯೊಂದೇ. ಇವಳು ಕನ್ನಡದಲ್ಲಿ, ಅವನು ತನ್ನ ಭಾಷೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಅವನು ದ್ರಾಕ್ಷಿ ಕೊಟ್ಟರೆ ಇವಳು ನಿಂಬೆಕಾಯಿ ಉಪ್ಪಿನಕಾಯಿ ಕೊಡುವಳು. ವೈನ್ ಗ್ಲಾಸು ಚಾಚಿದಾಗ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಒಂದು ಶನಿವಾರ ಕನ್ನಡದವರೆಲ್ಲ ನಮ್ಮಲ್ಲಿ ಊಟಕ್ಕೆ ಸೇರಿದ್ದರು. “ನಮ್ಮಮ್ಮಂಗೂ ಇಲ್ಲೊಬ್ಬ ಬಾಯ್‌ಫ್ರೆಂಡ್ ಸಿಕ್ಕಿದಾನೆ ಕಣ್ರೀ, ವೈನ್ ಶಾಪ್ ಸಮೇತ” ಎಂದ ಅಪ್ಪ. ಅಂಕಲ್‌ಗಳು ಬಿದ್ದು ಬಿದ್ದು ನಕ್ಕರು. ಇಂಗ್ಲಿಷ್ ಬಾರದ ಅಜ್ಜಿಗೆ ಆ ಒಂದು ಪದ ಅರ್ಥವಾಯಿತು. ಬಡಿಸುತ್ತಿದ್ದ ಸೌಟು ಕೆಳಗಿಟ್ಟು ಒಳಗೆ ಹೋದಳು.

ಮರುದಿನ ಸಾಲ್ವತೋರೆ ಬುಟ್ಟಿ ತುಂಬ ದ್ರಾಕ್ಷಿ ಹಿಡಿದು ಬೇಲಿಯ ಹತ್ತಿರ ಬಂದು ಸಿಳ್ಳೆ ಹಾಕಿದ. “ಸಿಡ್ನಿಗೆ ಹೋದ್ರು, ಟೂಂಗಾಬಿಲಿ ಚಿಕ್ಕಪ್ಪನ ಮನೇಲಿದಾರೆ ಅಂತ ಹೇಳಿ ಬಾಮ್ಮ” ಎಂದು ಅಜ್ಜಿ ನನ್ನನ್ನು ಕಳಿಸಿ, ಅಡುಗೆಮನೆಯ ಪರದೆಯ ಹಿಂದೆ ನಿಂತಳು. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ನಾವು. “ಅಜ್ಜಿ ಈಸ್ ಗಾನ್” ಎಂದೆ. ಸಿಡ್ನಿ, ಟೂಂಗಾಬಿ ಎಂಬ ಮಾತು ಬಾಯಿಂದ ಹೊರಡುವ ಮೊದಲೇ ಅವನು ಟೋಪಿ ತೆಗೆದ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ, ಬೇಲಿ ಹಿಡಿದು ಅಳತೊಡಗಿದ. ಕಾರು ತೊಳೆಯುತ್ತಿದ್ದ ಅಪ್ಪ ಬಂದು ನನ್ನ ಭುಜ ಅದುಮಿದ. “ತಿದ್ದಕ್ಕೆ ಹೋಗ್ಬೇಡ. ಹೀಗೇ ಇರ್ಲಿ, ಒಳ್ಳೇದೇ ಆಯ್ತು” ಎಂದು ಮೆಲ್ಲಗೆ ಹೇಳಿ, ಅವನತ್ತ ತಿರುಗಿ, ಮುಖ ಸಪ್ಪೆ ಮಾಡಿಕೊಂಡು “ಥ್ಯಾಂಕ್ ಯೂ” ಎಂದ. ಅಪ್ಪನನ್ನು ನಾನು ಅವತ್ತಿನಷ್ಟು ಯಾವತ್ತೂ ದ್ವೇಷಿಸಿಲ್ಲ.

ತೀರಿಹೋದವಳ ಹೆಸರಿನಲ್ಲಿ ಅವನು ಬಾಗಿಲಿಗೆ ತಂದಿಟ್ಟ ನೆಗ್ರೊಅಮಾರೊ ಬಾಟಲಿಯನ್ನು ಅಂಕಲ್‌ಗಳು ಹೊಗಳಿ ಹೊಗಳಿ ಖಾಲಿ ಮಾಡಿದರು. ಅಜ್ಜಿ ಆಮೇಲೂ ವರ್ಷಗಟ್ಟಲೆ ಬದುಕಿದಳು. ಚಳಿಗಾಲದ ಒಂದು ಮಧ್ಯಾಹ್ನ, ಹಿತ್ತಿಲಲ್ಲಿ ಬಿಸಿಲು ಬಿದ್ದಿದೆ, ಬಾ ಎಂದು ಕೈ ಹಿಡಿದು ಎಳೆದೆ. ಅವಳು ಕದಲಲಿಲ್ಲ.

“ಬೇಡಮ್ಮ. ಸತ್ತೋರು ಎದ್ದು ಬಂದ್ರೆ ಪಾಪ, ಅವನು ಹೆದರ್ಕೊಳಲ್ವೇ?”